ಊರಿನ ಗಂಟಲು

ನಿವೆಸ್ ಒಳಗೆ ಕಾಲಿಟ್ಟ ಕೂಡಲೇ ಪ್ರಿಮೋನ ಕಾಫಿ ಅಂಗಡಿಯಲ್ಲಿ ಸಿಗರೇಟುಗಳೆಲ್ಲ ಆರಿಹೋಗುತ್ತಿದ್ದವು. ಯಾರೂ ಹೇಳಬೇಕಾಗಿರಲಿಲ್ಲ. ಇಸ್ಪೀಟು ಆಡುವ ಮುದುಕರು ಎಲೆಯನ್ನು ಮೇಜಿಗೆ ಬಡಿಯುವುದು ಬಿಟ್ಟು ಮೆಲ್ಲಗೆ ಇಡುತ್ತಿದ್ದರು. ಬಾಗಿಲ ಬಳಿ ಕೂತವನು ಎದ್ದು ಬಾಗಿಲು ಹಾಕುತ್ತಿದ್ದ. ಮನೆಯಲ್ಲೂ ಅಷ್ಟೇ. ಕೆಳಗಿನ ಮನೆಯ ಕ್ಲೆಲಿಯಾ ಈರುಳ್ಳಿ ಹುರಿಯುವುದನ್ನೇ ನಿಲ್ಲಿಸಿದ್ದಳು. ಘಾಟು ಮೇಲಕ್ಕೇರಿ ಆ ಗಂಟಲಿಗೆ ತಗುಲಿಬಿಟ್ಟರೆ ಊರಿಗೆ ಏನೆಂದು ಉತ್ತರ ಕೊಡುವುದು ಎಂಬ ಭಯ ಅವಳಿಗೆ.

ಪೊ ನದಿಯ ಮಂಜಿನಲ್ಲಿ ಅರ್ಧ ವರ್ಷ ಮುಖ ಮುಚ್ಚಿಕೊಂಡಿರುವ ಆ ಊರಿನಿಂದ ಹೊರಗೆ ಹೆಸರು ಮಾಡಿದ್ದು ನಿವೆಸಳ ದನಿಯೊಂದೇ. ಇಪ್ಪತ್ತಾರರ ಹುಡುಗಿ. ಆಗಲೇ ದೊಡ್ಡ ಊರುಗಳ ಒಪೆರಾ ರಂಗಗಳಲ್ಲಿ ಎತ್ತರದ ಶ್ರುತಿಯ ಸೊಪ್ರಾನೊ ಆಗಿ ಹಾಡಿ ಬಂದಿದ್ದಳು. ಪತ್ರಿಕೆಗಳಲ್ಲಿ ಪಟ ಬಂದಾಗ ಪ್ರಿಮೋ ಅದನ್ನು ಕತ್ತರಿಸಿ, ಸಂತ ಅಂತೋನಿಯ ಚಿತ್ರದ ಪಕ್ಕದಲ್ಲೇ ಅಂಟಿಸಿದ್ದ. ಚಳಿಗಾಲವೆಲ್ಲ ಬಿಡುವಿಲ್ಲದೆ ಹಾಡಿ ಅವಳ ಗಂಟಲು ಊದಿಕೊಂಡಿತು. ಎರಡು ವಾರ ಒಂದು ಮಾತೂ ಕೂಡದು, ಪಿಸುಮಾತಂತೂ ಕೂಡಲೇ ಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದರು.

ಅಂದಿನಿಂದ ಅವಳ ಮಾತನ್ನೆಲ್ಲ ಅಮ್ಮ ಎಡ್ಡಾ ಆಡತೊಡಗಿದಳು.

"ಪ್ರಿಮೋ, ಇವಳಿಗೆ ಬಿಸಿ ಹಾಲು. ಜೇನು ಹಾಕು."

ನಿವೆಸ್ ಕಾಫಿ ಯಂತ್ರದ ಕಡೆ ಬೆರಳು ತೋರಿಸುತ್ತಿದ್ದಳು.

"ನೋಡು, ಚೆನ್ನಾಗಿ ಕುದೀಲಿ ಅಂತಿದಾಳೆ."

ನಿವೆಸ್ ತಲೆ ಅಡ್ಡ ಆಡಿಸುತ್ತಿದ್ದಳು.

"ಜೇನು ಸ್ವಲ್ಪ ಸಾಕಂತೆ."

ಹಾಲು ಬರುತ್ತಿತ್ತು. ಅವಳು ಕುಡಿಯುತ್ತಿದ್ದಳು.

ಹಾಲಿನ ಮಾತು ಬಿಡಿ. ಅವಳಿಗೆ ಹಾಡಿನ ಒಪ್ಪಂದ ಕುದುರಿಸಿಕೊಡುವ ಬೊಸೆಲ್ಲಿ ಇದೇ ಎರಡು ವಾರದಲ್ಲಿ ದೊಡ್ಡದೊಂದು ಪಾತ್ರ ತಂದಿದ್ದ. ಹುಚ್ಚು ಹಿಡಿದ ವಿಧವೆ ರಾಣಿಯ ಪಾತ್ರ. ಮೂರು ಅಂಕಗಳಲ್ಲೂ ಇಡೀ ವಾದ್ಯಮೇಳದ ಮೇಲೆ ದನಿ ಎತ್ತಿ ಹಾಡಬೇಕು. ಅಮ್ಮ ಮಗಳ ಪರವಾಗಿ ಹೂಂ ಅಂದಾಗಿತ್ತು. ಇನ್ನು ಮಗಳ ರುಜು ಒಂದು ಬಾಕಿ.

ಹೋದ ವರ್ಷ ತೀರಿಕೊಂಡ ಅವಳ ಗುರು, ಆ ಸಿಡುಕಿನ ಮುದುಕಿ, ಈ ರಾಣಿಯ ಬಗ್ಗೆ ಮೊದಲೇ ಎಚ್ಚರಿಸಿದ್ದಳು: "ನಿಂದು ಇನ್ನೂ ಹಸಿ ದನಿ ಕಣೇ. ಮೂವತ್ತೈದಾಗೋ ತನಕ ಆ ರಾಣಿಗೆ ಬಾಗಿಲು ತೆಗೀಬೇಡ. ಅವಳು ಒಳಗೆ ಬಂದರೆ ಹೋಗ್ತಾ ಮನೇನೇ ಹೊತ್ಕೊಂಡು ಹೋಗ್ತಾಳೆ." ನಿವೆಸ್ ಅದನ್ನು ಕಣ್ಣಾರೆ ಕಂಡೂ ಇದ್ದಳು. ಅವಳಿಗಿಂತ ಮುಂಚೆ ಕಲಿತ ಲೂಚಿಲ್ಲಾ ಇಪ್ಪತ್ತನಾಲ್ಕಕ್ಕೇ ಆ ರಾಣಿಯನ್ನು ಹಾಡಿದ್ದಳು. ಈಗ ಅವಳು ಗುಂಪುಗಾಯಕರ ಮೂರನೇ ಸಾಲಿನಲ್ಲಿ ನಿಂತು ಬಾಯಿ ಆಡಿಸುತ್ತಾಳೆ.

ನಿವೆಸ್ ಒಮ್ಮೆ ಪತ್ರಿಕೆಯ ಅಂಚಿನಲ್ಲಿ 'ನನಗೆ ಬೇಡ' ಎಂದು ಬರೆದು ಅಮ್ಮನ ಮುಂದೆ ಹಿಡಿದಳು. ಅಮ್ಮ ಓದಿದಳು, ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ. ಸುಮ್ನೆ ಮಲಗಿ ಮಲಗಿ ತಲೆ ಕೆಟ್ಟಿದೆ ನಿಂಗೆ," ಎಂದು ಅದೇ ಪತ್ರಿಕೆಯಿಂದ ಒಲೆ ಹೊತ್ತಿಸಿದಳು.

ಎರಡು ವಾರ ಕಳೆಯಿತು. ನಿವೆಸ್ ಬಚ್ಚಲಲ್ಲಿ ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು, ಟವೆಲ್ಲು ಬಾಯಿಗೊತ್ತಿ ಗುನುಗಿ ನೋಡಿದಳು. ದನಿ ತೊಳೆದಿಟ್ಟ ಬಟ್ಟಲಿನ ಹಾಗೆ ಸ್ವಚ್ಛವಾಗಿತ್ತು. ಅವಳು ನಲ್ಲಿ ನಿಲ್ಲಿಸಿ ಹೊರಗೆ ಬಂದು, ಗಂಟಲು ಮುಟ್ಟಿಕೊಂಡು, ಇಲ್ಲವೆಂದು ತಲೆಯಾಡಿಸಿದಳು. ದನಿಯೇ ಇಲ್ಲದವಳಿಂದ ಯಾರು ರಾಣಿಯನ್ನು ಹಾಡಿಸುತ್ತಾರೆ?

ಆದರೆ ಬೊಸೆಲ್ಲಿ ಎರಡೇ ದಿನದಲ್ಲಿ ನಗುತ್ತಾ ಬಂದ. "ರಂಗದವರ ಹತ್ರ ಮಾತಾಡ್ದೆ ಸಿನ್ಯೋರಾ ಎಡ್ಡಾ. ಕಾಯ್ತಾರಂತೆ! ನವೆಂಬರಿಗಾಗದಿದ್ರೆ ಫೆಬ್ರವರಿಗೆ. ಇಂಥ ದನಿಗೆ ಕಾಯದೆ ಇನ್ಯಾವುದಕ್ಕೆ ಕಾಯ್ತಾರೆ?"

ನಿವೆಸ್ ಹೊರಬಾಗಿಲೆಂದುಕೊಂಡು ತೆರೆದದ್ದು ಇನ್ನೊಂದು ಕೋಣೆಯಾಗಿತ್ತು, ಮೊದಲಿನದಕ್ಕಿಂತ ಇಕ್ಕಟ್ಟಿನದು. ಈಗ ಊಟಕ್ಕೆ ಕೂತರೆ ಉಪ್ಪು ಕೇಳುವಂತಿಲ್ಲ. ಕಾಲು ಎಡವಿದರೆ ಅಯ್ಯೋ ಎನ್ನುವಂತಿಲ್ಲ. ನಿದ್ದೆಯಲ್ಲಿ ಏನಾದರೂ ಬಡಬಡಿಸಿಬಿಟ್ಟೇನೆಂದು ದಿಂಬಿನಲ್ಲಿ ಮುಖ ಹುದುಗಿಸಿ ಮಲಗುತ್ತಿದ್ದಳು. ಬೀದಿಗಿಳಿದರೆ ಹೆಂಗಸರು ಅವಳ ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿ ಬಿಗಿ ಮಾಡಿ ಕಳಿಸುತ್ತಿದ್ದರು. ಪ್ರತಿಯೊಬ್ಬರೂ ಒಂದೊಂದು ಸುತ್ತು.

ಆ ಭಾನುವಾರ ಚರ್ಚಿನಲ್ಲಿ ಪೂಜೆ ಮುಗಿಸಿ ಎಲ್ಲರೂ ಪ್ರಿಮೋನ ಅಂಗಡಿಗೆ ಬಂದರು. ಬೊಸೆಲ್ಲಿ ಒಪ್ಪಂದದ ಹಾಳೆ ಹಿಡಿದುಕೊಂಡೇ ಬಂದಿದ್ದ. ಮೇಜಿನ ಒಂದು ಕಡೆ ಅವನು ಮತ್ತು ಅಮ್ಮ. ನಿವೆಸಳ ಎದುರಿಗೆ ಅಪ್ಪ ಒರೆಸ್ತೆ. ತಗಡಿನ ಕಾರ್ಖಾನೆಯಲ್ಲಿ ಧಡಧಡ ಬಡಿಯುವ ಅಚ್ಚುಯಂತ್ರದ ಪಕ್ಕ ವರ್ಷಾನುಗಟ್ಟಲೆ ನಿಂತು ಅವನ ಕಿವಿ ಪೂರ್ತಿ ಹೋಗಿತ್ತು. ಎದುರಿನವರ ತುಟಿ ನೋಡಿಯೇ ಅವನಿಗೆ ಮಾತು ತಿಳಿಯಬೇಕು. ಮಗಳು ಹಾಡು ಕಲಿಯಲು ಹೋಗುವ ಹೊತ್ತಿಗಾಗಲೇ ಹಾಗಾಗಿತ್ತು. ಊರೆಲ್ಲ ಹಾಡಿಹೊಗಳುವ ದನಿಯನ್ನು ಊರಲ್ಲಿ ಕೇಳದವನು ಅವನೊಬ್ಬನೇ.

ಪಕ್ಕದ ಮೇಜಿನಲ್ಲಿ ಮುದುಕ ಸಾಂತೆ ಕಥೆ ಶುರು ಮಾಡಿದ್ದ. ಹರೆಯದಲ್ಲಿ ಅವನು ಒಪೆರಾದಲ್ಲಿ ಈಟಿ ಹಿಡಿದು ನಿಲ್ಲುವ ಸಿಪಾಯಿಯಾಗಿದ್ದವನು.

"ನಾಯಕ ಸತ್ತು ಬಿದ್ದಿದಾನೆ. ನಾವು ನಾಲ್ಕು ಜನ ಸುತ್ತ ನಿಂತು ಅಳ್ತಾ ಇದ್ದೀವಿ. ರಂಗದ ಮೇಲೆ ಧೂಳೋ ಧೂಳು. ಹೆಣ ಮೂಗು ಅರಳಿಸ್ತು. ನಾನು ಮನಸ್ಸಲ್ಲೇ, ಬೇಡಪ್ಪಾ, ತಡ್ಕೋ ಅಂತಿದೀನಿ. ಎಲ್ಲಿ ತಡ್ಕೊಳ್ಳತ್ತೆ! ಆಕ್ಷೀ!"

"ಆಮೇಲೆ?"

"ಆಮೇಲೇನು, ಮೇಲಿನ ಗ್ಯಾಲರಿಯವರೆಲ್ಲ ಒಂದೇ ಗಂಟಲಲ್ಲಿ, 'ನೂರು ವರ್ಷ ಬಾಳಪ್ಪಾ!' ಅಂದ್ರು. ತಾಯಿ ಒಳ್ಳೇ ಬುದ್ಧಿ ಕಲಿಸಿದ್ಲು ನೋಡು ಅವನಿಗೆ. ಮಲಗಿದಲ್ಲೇ ಕೈ ಎತ್ತಿ, 'ನಿಮ್ಮ ಉಪಕಾರ!' ಅಂತು ಹೆಣ."

ನಿವೆಸ್ ತುಟಿ ಕಚ್ಚಿದಳು. ಹಾಲಿನ ಲೋಟದೊಳಗೆ ನೋಡಿದಳು. ತಡೆದಷ್ಟೂ ಅದು ಹೊಟ್ಟೆಯಿಂದ ಉಕ್ಕಿ ಬಂತು. ಕೊನೆಗೆ ತಲೆ ಹಿಂದಕ್ಕೆಸೆದು ನಕ್ಕಳು. ಆ ನಗು ಒಡೆದ ಮುತ್ತಿನ ಸರದ ಹಾಗೆ ಮೇಲಿನಿಂದ ಕೆಳಕ್ಕೆ ಉದುರುತ್ತಾ, ಅಂಗಡಿ ದಾಟಿ ಚೌಕದ ತನಕ ಹೋಯಿತು.



"ಬಂತು!" ಪ್ರಿಮೋ ಕೂಗಿದ. "ದನಿ ಬಂತು!"

ಚಪ್ಪಾಳೆ. ಕುರ್ಚಿಗಳು ಹಿಂದಕ್ಕೆ ಬಿದ್ದವು. ಅಮ್ಮ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡು ಅಳತೊಡಗಿದಳು. ಸಾಂತೆ ಎದೆಯುಬ್ಬಿಸಿ, "ಡಾಕ್ಟರ ಕೈಲಾಗದ್ದು ನನ್ನ ಹೆಣದ ಕೈಲಾಯ್ತು ನೋಡ್ರೋ!" ಎಂದ. ಬೊಸೆಲ್ಲಿ ಪೆನ್ನಿನ ಮುಚ್ಚಳ ತೆಗೆದ.

ನಿವೆಸ್ ಎದ್ದು ನಿಂತಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ವಾರಗಳಿಂದ ಒಳಗೇ ಕೊಳೆಯುತ್ತಿದ್ದ ಮಾತನ್ನು ಹೊರಗೆ ಹಾಕಿದಳು.

"ನನಗೆ ಬೇಡ. ನಾನು ಆ ರಾಣೀನ ಹಾಡಲ್ಲ."

ಅಂಗಡಿ ಸ್ತಬ್ಧವಾಯಿತು. ಕೇಳಿಸಿತು ಇವರಿಗೆ ಎಂದುಕೊಂಡಳು.

"ಕೇಳಿದ್ರಾ?" ಪ್ರಿಮೋ ಎರಡೂ ಕೈಯಿಂದ ಗಾಜಿನ ಕಪಾಟು ತೋರಿಸಿದ. "ಲೋಟಗಳು ಗಣ್ ಅಂದ್ವು!"

"ದನಿ ಮೊದಲಿಗಿಂತ ತುಂಬಿಕೊಂಡಿದೆ ಕಣ್ರೋ."

"ಇನ್ನೊಂದ್ಸಲ, ನಿವೆಸ್! ಇನ್ನೊಂದ್ಸಲ ಹೇಳಮ್ಮಾ!"

"ಬೇಡ ಅಂದೆ! ಬೇಡ!" ಅವಳು ಕಿರುಚಿದಳು.

ಮತ್ತೆ ಚಪ್ಪಾಳೆ. ಬಾಗಿಲಲ್ಲಿ ಚೌಕದವರೂ ಬಂದು ಸೇರಿದ್ದರು. ಕ್ಲೆಲಿಯಾ ತೋಳಿನಿಂದಲೇ ಕಣ್ಣೊರೆಸಿಕೊಂಡಳು. "ರಾಣಿ ಅಂದ್ರೆ ರಾಣಿ," ಎಂದ ಬೊಸೆಲ್ಲಿ, ಹಾಳೆಯನ್ನು ಅವಳ ಕಡೆ ತಿರುಗಿಸುತ್ತಾ. "ಇಷ್ಟು ಕಿಚ್ಚಿದೆಯಲ್ಲ, ಇದೇ ಬೇಕಾಗಿರೋದು ಆ ಪಾತ್ರಕ್ಕೆ." ಅಮ್ಮ ಅವಳ ಕೈಗೆ ಪೆನ್ನು ಕೊಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

ಎದುರಿನ ಕುರ್ಚಿಯಲ್ಲಿ ಒರೆಸ್ತೆ ಕಾಫಿಯ ಬಟ್ಟಲು ಕೆಳಗಿಟ್ಟ. ಅಷ್ಟು ಹೊತ್ತೂ ಅವನ ಕಣ್ಣು ಮಗಳ ಬಾಯಿಯ ಮೇಲೇ ಇತ್ತು. ಕಿವುಡರಿಗೆ ತಮ್ಮ ದನಿಯ ಅಂದಾಜು ಸಿಗುವುದಿಲ್ಲ. ಅವನ ಮಾತು ಗದ್ದಲವನ್ನೆಲ್ಲ ಸೀಳಿಕೊಂಡು ಬಂತು.

"ಯಾಕೆ ಬೇಡ, ಮಗಳೇ?"

ನಿವೆಸ್ ಪೆನ್ನು ಮೇಜಿನ ಮೇಲಿಟ್ಟು ಕೂತಳು. ಮಫ್ಲರಿನ ಸುತ್ತು ಬಿಚ್ಚಿದಳು. ಆಮೇಲೆ ದನಿಯನ್ನು ಒಂದಿಷ್ಟೂ ಹೊರಗೆ ಬಿಡದೆ, ತುಟಿಗಳನ್ನಷ್ಟೇ ಆಡಿಸುತ್ತಾ, ಮೊದಲಿನಿಂದ ಎಲ್ಲವನ್ನೂ ಅವನಿಗೆ ಹೇಳತೊಡಗಿದಳು. ಸುತ್ತ ನಿಂತವರು ಕಿವಿಗೆ ಕೈ ಹಚ್ಚಿ ಬಗ್ಗಿದರು. ಯಾರಿಗೂ ಏನೂ ಕೇಳಿಸಲಿಲ್ಲ.