ಬಿಟ್ಟ ಪ್ಲಾಟು, ಕಿತ್ತ ಪ್ಲಾಟು

ನಲವತ್ತೆಂಟು ಜಾಡಿಗಳಲ್ಲಿ ಇನ್ನೊಂದು ಉಳಿದಿತ್ತು. ಅರಣ್ಯ ಸಂಶೋಧನಾ ಕೇಂದ್ರದ ಮಣ್ಣಿನ ಪ್ರಯೋಗಾಲಯದಲ್ಲಿ ಇಪ್ಪತ್ತೇಳು ವರ್ಷದಿಂದ ಸಹಾಯಕಿಯಾಗಿದ್ದ ಆಕೆ ಬ್ಯುರೆಟ್ಟಿನ ಗಾಜುಗೊಳವೆಯ ತಿರುಪನ್ನು ಎರಡು ಬೆರಳಲ್ಲಿ ಹಿಡಿದು ಆಮ್ಲವನ್ನು ಹನಿಹನಿಯಾಗಿ ಬಿಟ್ಟಳು. ಕೆಳಗಿನ ದ್ರವದ ಗುಲಾಬಿ ಬಣ್ಣ ತೆಳುವಾಯಿತು, ಇನ್ನೊಂದು ಹನಿಗೆ ಹೋಯಿತು. ಅಂಕಿ ಬರೆದುಕೊಂಡು ಸ್ಟೂಲಿನಿಂದ ಇಳಿದಳು. ಬಲ ಮೊಣಕಾಲು ಎಂದಿನಂತೆ ಸದ್ದು ಮಾಡಿತು.

ಪ್ರತಿ ಜಾಡಿಯಲ್ಲೂ ಐವತ್ತು ಗ್ರಾಂ ಜರಡಿ ಹಿಡಿದ ಮಣ್ಣು, ಜೊತೆಗೆ ಪುಟ್ಟ ಬಟ್ಟಲಲ್ಲಿ ಕ್ಷಾರ. ಮುಚ್ಚಳ ಬಿಗಿದು ವಾರ ಇಟ್ಟರೆ ಮಣ್ಣಿನ ಸೂಕ್ಷ್ಮಜೀವಿಗಳು ಬಿಡುವ ಉಸಿರನ್ನು ಕ್ಷಾರ ಹೀರಿಕೊಳ್ಳುತ್ತದೆ. ಮಣ್ಣು ಹೆಚ್ಚು ಉಸಿರಾಡಿದ್ದರೆ ಬಣ್ಣ ಹೋಗಲು ಕಡಿಮೆ ಆಮ್ಲ ಸಾಕು. ಅಷ್ಟೇ ಪರೀಕ್ಷೆ.

ಮಣ್ಣು ಬಂದದ್ದು ಬೆಟ್ಟದ ಮೇಲಿನ ಪೈನ್ ನೆಡುತೋಪಿನಿಂದ. ಅಲ್ಲಿ ಪ್ರಯೋಗಕ್ಕೆಂದು ಗುರುತಿಸಿದ ಎಂಟು ಪ್ಲಾಟುಗಳಿದ್ದವು. ನಾಲ್ಕರಲ್ಲಿ ಮರದಡಿಯ ಕುರುಚಲು ಗಿಡಗಳನ್ನು ತಿಂಗಳಿಗೊಮ್ಮೆ ಕೀಳಬೇಕು, ನಾಲ್ಕರಲ್ಲಿ ಮುಟ್ಟದೆ ಬಿಡಬೇಕು. ಪ್ರಯೋಗಾಲಯದಲ್ಲಿ ಅವುಗಳಿಗೆ ಕಿತ್ತ ಪ್ಲಾಟು, ಬಿಟ್ಟ ಪ್ಲಾಟು ಎಂದೇ ಹೆಸರು. ಕುರುಚಲು ಇದ್ದರೆ ಮಣ್ಣಿನ ಜೀವ ಹೆಚ್ಚುತ್ತದೆಯೇ ಎಂಬುದು ಪ್ರಶ್ನೆ. ಪ್ರಯೋಗ ರೂಪಿಸಿದ ವಿಜ್ಞಾನಿ ಎರಡನೇ ವರ್ಷವೇ ಬೇರೆ ಕಡೆ ಹೋದರು. ಡಿಸೆಂಬರ್‌ಗೊಂದು, ಜೂನ್‌ಗೊಂದು ಎಂದು ಎಂಟು ಸರದಿಯನ್ನು ಎಳೆದುಕೊಂಡು ಬಂದವಳು ಆಕೆಯೇ. ಇವತ್ತಿಗೆ ಎಂಟನೆಯದೂ ಮುಗಿಯಿತು.

ನಿರ್ದೇಶಕರು ಬಾಗಿಲಲ್ಲೇ ನಿಂತು ಕೇಳಿದರು. ವಯಸ್ಸಿನಲ್ಲಿ ಆಕೆಗಿಂತ ಹದಿನೈದು ವರ್ಷ ಚಿಕ್ಕವರು.

"ಮುಗೀತಾ ಮೇಡಂ?"

"ಮುಗೀತು ಸರ್. ಈ ಜೂನ್‌ನಲ್ಲೂ ಎರಡೂ ಒಂದೇ."

"ಡಿಸೆಂಬರ್‌ನಲ್ಲಿ ಬಿಟ್ಟದ್ದು ಮೇಲೆ, ಜೂನ್‌ನಲ್ಲಿ ಎರಡೂ ಸಮ. ಸರಾಸರಿ ತೆಗೆದ್ರೆ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಸೋಮವಾರ ವರದಿ ಕಳಿಸಿಬಿಡೋಣ. ಇಡೀ ಬೆಟ್ಟದ ಕುರುಚಲು ತೆಗೆಸೋಕೆ ಇಲಾಖೆ ಅದಕ್ಕೇ ಕಾಯ್ತಿದೆ."

ಆಕೆ ತಲೆಯಾಡಿಸಿದಳು. ಜರಡಿಗಳನ್ನು ತೊಳೆಯಲು ಎತ್ತಿಕೊಂಡಾಗ ಕೈ ನಿಂತಿತು. ಬಿಟ್ಟ ಪ್ಲಾಟಿನ ಜರಡಿಯಲ್ಲಿ ಕುರುಚಲಿನ ಕೂದಲೆಳೆಯಂಥ ಬೇರುಗಳು ಮುದ್ದೆಗಟ್ಟಿ ಉಳಿಯಬೇಕಿತ್ತು. ಉಳಿದದ್ದು ಪೈನಿನ ಸೂಜಿ ಎಲೆಯ ಚೂರು, ಮೂರು ಕಲ್ಲು. ಕಿತ್ತ ಪ್ಲಾಟಿನ ಜರಡಿಯೂ ಹಾಗೇ ಇತ್ತು.

ಹಿಂದಿನ ಜೂನ್‌ಗಳಲ್ಲೂ ಹೀಗೇ ಆಗಿತ್ತು, ಅದನ್ನು ಬೇಸಿಗೆಯ ಒಣಗಿನ ಲೆಕ್ಕಕ್ಕೆ ಹಾಕಿದ್ದಳು. ಹೋಗಿ ನೋಡಿರಲಿಲ್ಲ. ಮೊಣಕಾಲಿಗೆ ಬೆಟ್ಟ ಬೇಡವಾಗಿತ್ತು. ಮಣ್ಣಿನ ಚೀಲಗಳನ್ನು ಕೆಳಗೆ ತಂದುಕೊಡುತ್ತಿದ್ದವನು ತೋಪಿನ ಕಾವಲುಗಾರ, ಅವಳ ಒಡಹುಟ್ಟಿದ ಅಣ್ಣ. ಇನ್ನೇನು ಬೇಕು ಎಂದುಕೊಂಡಿದ್ದಳು.

ಶನಿವಾರ ಬೆಳಿಗ್ಗೆ ಆಕೆ ಜೀಪಿನಿಂದಿಳಿದಾಗ ಅಣ್ಣ ಗೇಟಿನ ಹತ್ತಿರವೇ ನಿಂತಿದ್ದ.

"ಓಹೋ, ಮಣ್ಣಿನ ಡಾಕ್ಟ್ರಮ್ಮ! ದಾರಿ ತಪ್ಪಿತೋ, ಅಣ್ಣ ಇದ್ದಾನೆ ಅಂತ ನೆನಪಾಯಿತೋ?"

"ಬಿಟ್ಟ ಪ್ಲಾಟು ತೋರಿಸು."

ನಾಲ್ಕು ವರ್ಷ ಬಿಟ್ಟ ಕುರುಚಲು ಹೆಗಲು ಮುಟ್ಟಬೇಕಿತ್ತು. ಅಲ್ಲಿದ್ದದ್ದು ಪಾದ ಮುಚ್ಚದಷ್ಟು ಚಿಗುರು. ಮರಗಳ ನಡುವಿನ ನೆಲ ಗುಡಿಸಿದಂತಿತ್ತು.

"ಅಣ್ಣಾ, ಗಿಡ ಎಲ್ಲಿ?"

"ಯಾವ ಗಿಡ? ಕಳೆನಾ? ಕಿತ್ತೆ."

"ಯಾವಾಗ?"

"ಪ್ರತಿ ಮೇ ತಿಂಗಳೂ ಕೀಳ್ತೀನಲ್ಲ, ಇಲಾಖೆಯವರ ತಪಾಸಣೆಗೆ ಮುಂಚೆ. ಆ ನಾಲ್ಕನ್ನ ತಿಂಗಳು ತಿಂಗಳು ಕೀಳು ಅಂದಿದ್ರಿ, ಕೀಳ್ತೀನಿ. ಸಾಹೇಬರು ಬಂದಾಗ ಈ ನಾಲ್ಕು ಮಾತ್ರ ಗಡ್ಡ ಬಿಟ್ಟ ಹಾಗಿದ್ರೆ ಚೆನ್ನಾಗಿರುತ್ತಾ? ಬೇರು ಸಮೇತ ಎತ್ತಿ, ಗುಡಿಸಿ, ಹಳ್ಳಕ್ಕೆ ಹಾಕಿಬಂದೆ. ಹೋದ ವರ್ಷ ಸಾಹೇಬರು ಕೈಕುಲುಕಿದ್ರು, ಗೊತ್ತಾ?"

"ಗಿಡ ಮುಟ್ಟಬಾರದು ಅಂತ ಬೋರ್ಡೇ ಇದೆಯಲ್ಲೋ."

ಅಣ್ಣ ಬೋರ್ಡನ್ನು ನೋಡಿದ. ಅದಕ್ಕೆ ಬಣ್ಣ ಬಳಿದವನೂ ಅವನೇ.

"ಅದು ಹೊರಗಿನವರಿಗೆ ಅಲ್ವೇನೇ? ನಾನು ಕಾವಲುಗಾರ."

ಆಕೆ ಒಂದು ಕೊರಡಿನ ಮೇಲೆ ಕುಳಿತಳು. ನಗು ಬಂದಂತಾಯಿತು, ನಗುವಷ್ಟು ಉಸಿರಿರಲಿಲ್ಲ.

"ಮಣ್ಣಿನಲ್ಲಿರೋ ಜೀವಿಗಳಿಗೆ ಊಟ ಹಾಕೋದು ಗಿಡದ ಬೇರು ಕಣೋ. ಬೇರಿನಿಂದ ಸಕ್ಕರೆ ಜಿನುಗುತ್ತೆ, ಉದುರಿದ ಎಲೆ ಕೊಳೆಯುತ್ತೆ. ಪೈನ್ ಸೂಜಿ ಗಟ್ಟಿ, ಕೊಳೆಯೋಕೆ ವರ್ಷಗಟ್ಟಲೆ ಬೇಕು. ಕುರುಚಲಿನದು ಬೇಗ. ಉಣ್ಣೋಕೆ ಕೂತವರ ಮುಂದಿನ ತಟ್ಟೆನೇ ಎತ್ಕೊಂಡು ಹೋಗಿದೀಯ. ಹೊಟ್ಟೆ ತುಂಬಿಲ್ಲ ಅಂತ ನಾನು ಕೆಳಗೆ ಕೂತು ಬರ್ಕೊಂಡೆ."

"ಮೂವತ್ತು ವರ್ಷದಿಂದ ತೋಪು ಚೊಕ್ಕಟ ಇಟ್ಕೋ, ಚೊಕ್ಕಟ ಇಟ್ಕೋ ಅಂತ ಬೈಸ್ಕೊಂಡಿದೀನಿ. ಆಗ ಯಾವ ಡಾಕ್ಟ್ರಮ್ಮನೂ ಬಂದು ಹೀಗೆ ಹೇಳಲಿಲ್ಲ."

"ನಾನೂ ಬರಲಿಲ್ಲ," ಎಂದಳು ಆಕೆ.

ಅವನು ಕಾವಲು ಕೋಣೆಯಿಂದ ತನ್ನ ದಿನಚರಿ ತಂದುಕೊಟ್ಟ. ಯಾರೂ ಕೇಳದಿದ್ದರೂ ದಿನವೂ ಬರೆಯುತ್ತಿದ್ದ. ನಾಲ್ಕು ವರ್ಷ, ನಾಲ್ಕು ಮೇ ತಿಂಗಳು. "ಮೇ ೧೨: ಎಂಟೂ ಪ್ಲಾಟು ಕಿತ್ತು ಗುಡಿಸಿದೆ. ಮೇ ೧೫: ಸಾಹೇಬರಿಗೆ ತೃಪ್ತಿ." ಜೂನ್‌ನ ಮಣ್ಣು ತೆಗೆದದ್ದು ಪ್ರತಿ ಸಲವೂ ಮೂರು ವಾರದ ಬಳಿಕ.

"ಇದನ್ನ ಬರೆದ್ರೆ ನಿನ್ನ ನಾಲ್ಕು ವರ್ಷದ ಕೆಲಸ?" ಅಣ್ಣ ಕೇಳಿದ.

"ಹೋಗುತ್ತೆ."

"ಬರೀದಿದ್ರೆ?"

"ಈ ಬೆಟ್ಟದ ಕುರುಚಲೆಲ್ಲ ಹೋಗುತ್ತೆ. ನನ್ನ ಸಹಿಯ ಮೇಲೆ."

"ನಿನಗೆ ಇನ್ನೆಷ್ಟು ವರ್ಷ ನೌಕರಿ?"

"ಮೂರು."

ನಾಲ್ಕು ವರ್ಷದ ಪ್ರಯೋಗಕ್ಕೆ ಮೂರು ಸಾಲದು. ಅಣ್ಣ ದಿನಚರಿಯನ್ನು ಅವಳತ್ತ ಸರಿಸಿ, "ನನ್ನ ಹೆಸರೂ ಹಾಕು. ಗಿಡ ತಾನೇ ಕಿತ್ಕೊಂಡು ಹೋಯಿತು ಅಂತ ಬರೆಯೋಕಾಗುತ್ತಾ?" ಎಂದ.

ಸೋಮವಾರ ನಿರ್ದೇಶಕರು ಆಕೆಯ ಎರಡು ಪುಟದ ಟಿಪ್ಪಣಿಯನ್ನು ಎರಡು ಸಲ ಓದಿದರು.

"ಮೇಡಂ, ಜೂನ್‌ನ ನಾಲ್ಕು ಸರದಿ ಬಿಟ್ಟು ಡಿಸೆಂಬರ್‌ನದಷ್ಟೇ ಕಳಿಸಿದ್ರೆ? ಏಳು ತಿಂಗಳ ಗಿಡವೇ ಇಷ್ಟು ಮಾಡಿದೆ ಅಂತ ತೋರಿಸಬಹುದು. ನಿಮ್ಮ ಕೆಲಸ ಉಳಿಯುತ್ತೆ."

ಆಕೆಗೆ ಆ ಯೋಚನೆ ಶನಿವಾರ ಜೀಪಿನಲ್ಲೇ ಬಂದಿತ್ತು. ಭಾನುವಾರವಿಡೀ ಅದನ್ನು ತಿರುಗಿಸಿ ಮುರುಗಿಸಿ ನೋಡಿದ್ದಳು.

"ಬಿಟ್ಟ ಪ್ಲಾಟು ಅಂತ ಬರೆದಿದೀವಿ ಸರ್. ಬಿಟ್ಟೇ ಇರಲಿಲ್ಲ. ಇದು ಪ್ರಯೋಗ ಅಲ್ಲ, ಎಡವಟ್ಟು. ಎಡವಟ್ಟು ಅಂತಲೇ ಕಳಿಸೋಣ."

ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಸಹಿ ಹಾಕಿದರು. ಬೆಟ್ಟ ಸ್ವಚ್ಛಗೊಳಿಸುವ ಆದೇಶವನ್ನು ಇಲಾಖೆ ಮುಂದೂಡಿತು. ಕಾವಲುಗಾರನ ಸೇವಾ ಪುಸ್ತಕದಲ್ಲಿ ಎಚ್ಚರಿಕೆಯ ಒಂದು ಸಾಲು ಸೇರಿತು. ಪ್ರಯೋಗ ಮೊದಲಿನಿಂದ ಶುರುವಾಗಬೇಕೆಂದು ತೀರ್ಮಾನವಾಯಿತು.

ಡಿಸೆಂಬರ್‌ನಲ್ಲಿ ಆಕೆ ಒಂದು ಕೋಲು ಹಿಡಿದು ತಾನೇ ಬೆಟ್ಟ ಹತ್ತಿದಳು. ಬಿಟ್ಟ ಪ್ಲಾಟುಗಳ ಸುತ್ತ ಅಣ್ಣ ಹಗ್ಗ ಕಟ್ಟಿದ್ದ. ಕುರುಚಲು ಮೊಣಕಾಲ ಮಟ್ಟಕ್ಕೆ ಬಂದಿತ್ತು. ಮುಂದೆ ನಡೆಯುತ್ತಿದ್ದ ಅಣ್ಣ ಹಗ್ಗದ ಬಳಿ ಒಂದು ಗಿಡ ಕಂಡು ಅಭ್ಯಾಸದಂತೆ ಬಗ್ಗಿ, ಕೈ ಚಾಚಿ, ಅರ್ಧಕ್ಕೇ ನಿಲ್ಲಿಸಿದ. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಇದು ಹಗ್ಗದ ಒಳಗಾ, ಹೊರಗಾ?"

"ಒಳಗೆ."

"ಹೋಗಲಿ, ತಿನ್ನಲಿ ಬಿಡು ನಿನ್ನ ನೆಂಟರು."

ಆಕೆ ಮಣ್ಣು ತೆಗೆದು ಚೀಲ ಕಟ್ಟಿ, ಹೊಸ ಪುಸ್ತಕದ ಮೊದಲ ಪುಟದಲ್ಲಿ ಎಂಟೂ ಸರದಿಯ ತಿಂಗಳುಗಳನ್ನು ಸಾಲಾಗಿ ಬರೆದಳು. ಮೊದಲ ಆರರ ಎದುರು ತನ್ನ ಹುದ್ದೆ ಬರೆದಳು. ನಿವೃತ್ತಿಯ ನಂತರ ಬರುವ ಎರಡನ್ನು ಖಾಲಿ ಬಿಟ್ಟಳು.

ಇಳಿಯುವಾಗ ಮೊಣಕಾಲು ಹಿಡಿದುಕೊಂಡಿತು. ಅಣ್ಣ ಚೀಲಗಳನ್ನು ಅವಳ ಕೈಯಿಂದ ತೆಗೆದುಕೊಂಡ.