ದೊಡ್ಹಿತ್ಲು ಮನೆಯವಳು

"ನೀವೇ ದಾನೆ ಫೋನಲ್ಲಿ ಆ ಫೋಟೋ ತೋರಿಸಿದ್ದು?" ಎಂದಳು ಹರಿಪ್ರಿಯಾ, ತಮಿಳು ಬೆರೆತ ತನ್ನ ಕನ್ನಡದಲ್ಲಿ. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಗುಣವತಿಗೆ ಎದುರಾಡುವುದಕ್ಕಾದರೂ ಒಂದು ಆಧಾರ ಸಿಗುತ್ತಿತ್ತು.

ಪುರಸೈವಾಕ್ಕಂನ ಬಟ್ಟೆಯಂಗಡಿಗಳ ಸಾಲಿನ ಹಿಂದೆ, ಒಂದು ಕಾಲಕ್ಕೆ ಬೇಳೆಕಾಳಿನ ಗೋದಾಮು ಇದ್ದ ಜಾಗದಲ್ಲಿ ಆ ತಗಡಿನ ಆಫೀಸು ನಿಂತಿತ್ತು. ಫ್ಯಾನು ಎಷ್ಟು ಜೋರಾಗಿ ತಿರುಗಿದರೂ ತಗಡು ಮಾಡಿನ ಬಿಸಿಯನ್ನೇ ಕೆಳಗೆ ತಳ್ಳುತ್ತಿತ್ತು. ಕಿಟಕಿಯಾಚೆ ಎರಡನೇ ಮಹಡಿಯವರೆಗೆ ಎದ್ದ ಕಂಬಗಳು ಕಾಣುತ್ತಿದ್ದವು. ಅವುಗಳ ತಲೆಯಿಂದ ಕಬ್ಬಿಣದ ಸರಳುಗಳು ಆಕಾಶಕ್ಕೆ ಚಾಚಿದ್ದವು. ಜಾಗ ಹೋಟೆಲ್ ಮಾಲೀಕರ ಸಂಘದ್ದು. ಕಟ್ಟುವವನು ಬಿಲ್ಡರ್. ಸಾಲ ಬ್ಯಾಂಕಿನದು. ಮುಂಭಾಗದ ಅಂಗಡಿಗಳನ್ನೂ ದೊಡ್ಡ ಫ್ಲ್ಯಾಟುಗಳನ್ನೂ ಪೇಟೆಯ ಬೆಲೆಗೆ ಮಾರಿ, ಆ ಲಾಭದಲ್ಲಿ ಹಿಂಭಾಗದ ಸಣ್ಣ ಮನೆಗಳನ್ನು ಹೋಟೆಲ್ ಕೆಲಸಗಾರರಿಗೆ ಕೈಗೆಟುಕುವ ಬೆಲೆಗೆ ಕೊಡುವುದೆಂದು ಮಾತಾಗಿತ್ತು. ಯಾರಿಗೆ ಕೊಡುವುದೆಂದು ಆರಿಸುವ ಕೆಲಸ ಹರಿಪ್ರಿಯಾಳ ಟ್ರಸ್ಟಿನದು. ಷರತ್ತು ಒಂದೇ: ಗಂಡನಿಗಾಗಲಿ ಹೆಂಡತಿಗಾಗಲಿ ದೇಶದಲ್ಲಿ ಬೇರೆಲ್ಲೂ ಮನೆ ಇರಬಾರದು.

"ತೋರ್ಸಿದ್ದ್ ಹೌದ್," ಎಂದಳು ಗುಣವತಿ. "ಊರಂಗೆ ಮನೆ ಇತ್ತಾ ಅಂದ್ ಕೇಂಡ್ರಿ. ಇತ್ತ್ ಅಂದೆ."

"ನಮ್ಮವರು ಕುಂದಾಪುರದ ಕಡೆ ಹೋಗಿ ವಿಚಾರಿಸಿಕೊಂಡು ಬಂದಿದಾರಮ್ಮ. ಆ ಮನೆಗೆ ನಿಮ್ಮ ಹೆಸರೇ ಮೊದಲು ಇದೆಯಂತೆ."

ಪಕ್ಕದಲ್ಲಿ ಕುಳಿತಿದ್ದ ಗಂಡ ರಘುರಾಮ ಎದ್ದು ನಿಂತ. ಹೋಟೆಲಿನಲ್ಲಿ ಇಪ್ಪತ್ತು ವರ್ಷ ಸಪ್ಲೈಯರ್ ಆಗಿದ್ದವನಿಗೆ ಕುಳಿತು ಮಾತಾಡುವುದೇ ಬರುತ್ತಿರಲಿಲ್ಲ. "ಅಮ್ಮಾ, ಅದ್ರ ಮಾಡು ಅರ್ಧ ಬಿದ್ದ್ ಹೋಯ್ತ್. ಅಲ್ಲಿ ಇಪ್ಪುದ್ ಇವ್ಳ ಸೋದರಮಾವ ಒಬ್ರೇ. ಮತ್ತೆ ದೈವ. ಮಾರೂಕೂ ಇಲ್ಲೆ, ಪಾಲ್ ಮಾಡೂಕೂ ಇಲ್ಲೆ."

"ದೈವ ಅಂದ್ರೆ ಪೆರುಮಾಳಾ?"

"ಅಲ್ಲ ಅಮ್ಮಾ. ಅದ್ ಬೇರೆ."

ಹರಿಪ್ರಿಯಾ ಹಣೆಯ ಬೆವರೊರೆಸಿಕೊಂಡಳು. ಅವಳ ಮನೆತನ ಮೈಲಾಪೂರಿಗೆ ಬಂದು ನಾಲ್ಕು ತಲೆಮಾರಾಗಿತ್ತು; ಕನ್ನಡದಲ್ಲಿ ಮಾತಾಡುವವರು ಸಿಕ್ಕರೆ ಅವಳು ಕೆಲಸದ ಬಿಗಿ ಸಡಿಲಿಸುತ್ತಿದ್ದಳು. "ನಾಲ್ಕು ಜನ ಸೇರಿ ಮಾಡ್ತಿರೋ ಕೆಲಸ ಇದು. ಒಬ್ಬರು ಸಂದೇಹ ಪಟ್ಟರೆ ಮಿಕ್ಕವರೂ ಕೈ ಎತ್ತಿಬಿಡ್ತಾರೆ. ನಿಮ್ಮ ಮಾವನೋರು ಶುಕ್ರವಾರದ ಒಳಗೆ ಬರೆದು ಕಳಿಸಲಿ, ಗುಣವತಿ ತನ್ನ ಹಕ್ಕು ಬಿಟ್ಟುಕೊಟ್ಟಿದಾಳೆ ಅಂತ. ರಿಜಿಸ್ಟರ್ ಮಾಡಿಸೋದು ಎಲ್ಲಾ ಅಪ್ಪುರಂ, ಆಮೇಲೆ ನೋಡಬಹುದು. ಇಲ್ಲಾಂದ್ರೆ ನಿಮ್ಮ ಹಿಂದೆ ಕಾದಿರೋರಿಗೆ ಹೋಗಿಬಿಡತ್ತೆ. ನಂಗೂ ಕಷ್ಟಮಾ ಇದೆ."

ಹರಿಪ್ರಿಯಾ ಮೊದಲ ಸಲ ವಿಚಾರಣೆಗೆಂದು ಮೈಲಾಪೂರಿನಲ್ಲಿ ಅವರು ವಾಸವಿದ್ದ ಕೋಣೆಗೆ ಬಂದ ದಿನವೇ ಎಲ್ಲ ಆಗಿಹೋಗಿತ್ತು. ಹೋಟೆಲಿನ ಅಡುಗೆಮನೆಯ ನೇರ ಮೇಲಿದ್ದ ಕೋಣೆ ಅದು. ಕೆಳಗೆ ಒಲೆ ಹೊತ್ತಿದರೆ ನೆಲ ಬೆಚ್ಚಗಾಗುತ್ತಿತ್ತು. ಇಡ್ಲಿಯ ಹಬೆ ಗೋಡೆಗೆ ಹಿಡಿದು, ಸುಣ್ಣದ ಮೇಲೆ ಉಪ್ಪು ಬಿಳಿಯಾಗಿ ಹೂಬಿಟ್ಟಿತ್ತು. ಮಗಳು ಪ್ರಣಮ್ಯಾ ಮಂಚದ ಒಂದು ತುದಿಯಲ್ಲಿ ಓದುತ್ತಿದ್ದಳು, ಇನ್ನೊಂದು ತುದಿಯಲ್ಲಿ ಹರಿಪ್ರಿಯಾ ಕುಳಿತಿದ್ದಳು. ಆ ಉಪ್ಪಿನ ಗೋಡೆಯ ಎದುರು, ಮಗಳ ಎದುರು, ಊರಲ್ಲಿ ಮನೆ ಇದೆಯಾ ಎಂದು ಕೇಳಿದಾಗ ಇಲ್ಲವೆನ್ನಲು ಗುಣವತಿಗೆ ನಾಲಿಗೆ ಹೊರಳಲಿಲ್ಲ. ಅವಳ ಊರಿನಲ್ಲಿ ಹೊಸಬರನ್ನು ಕಂಡರೆ ಹೆಸರು ಕೇಳುವ ಮೊದಲು ಯಾವ ಮನೆಯವರೆಂದು ಕೇಳುತ್ತಾರೆ. ಮನೆ ಇಲ್ಲ ಎನ್ನುವುದು ಕುಲ ಅಳಿದವರ ಮಾತು. ಅಳಿಯಕಟ್ಟಿನ ಕುಟುಂಬದಲ್ಲಿ ಮನೆ ಇಳಿಯುವುದು ತಾಯಿಯಿಂದ ಮಗಳಿಗೆ. ಅವಳ ತಾಯಿಯೂ ಚಿಕ್ಕಮ್ಮನೂ ತೀರಿಕೊಂಡ ಮೇಲೆ ಸೋದರಮಾವ ಪದ್ಮನಾಭ, ಹಿರಿಯ ಹೆಣ್ಣೆಂದು ಗೌರವದಿಂದ ಅವಳ ಹೆಸರನ್ನೇ ಮೊದಲು ಬರೆಸಿದ್ದರು. ಆ ದಿನ ಅವಳು ಫೋನು ತೆಗೆದು ಚಾವಡಿಯ ಕೆತ್ತನೆಯ ಕಂಬಗಳನ್ನು ಒಂದೊಂದಾಗಿ ತೋರಿಸಿದ್ದಳು. ಬಿದ್ದ ಮಾಡು ಬರದ ಹಾಗೆ ತೆಗೆದ ಫೋಟೋಗಳು.

ಪುರಸೈವಾಕ್ಕಂನಿಂದ ಇಬ್ಬರೂ ಬಸ್ಸಿನಲ್ಲಿ ಮೈಲಾಪೂರಿಗೆ ಬಂದರು. ಹೋಟೆಲಿನ ಬಾಗಿಲಲ್ಲಿ ಕ್ಯಾಷಿಯರ್ ವಿಶ್ವನಾಥ ಮುಖ ನೋಡಿಯೇ ತಿಳಿದುಕೊಂಡ. ಅವನದೂ ಅದೇ ಊರ ಕಡೆ, ಅದೇ ಅಳಿಯಕಟ್ಟು. ಆದರೆ ಗಂಡಸಾದ್ದರಿಂದ ಅವನ ಮನೆ ಅಕ್ಕತಂಗಿಯರ ಹೆಸರಲ್ಲಿತ್ತು. ತನಗೆ ಮನೆ ಇಲ್ಲ ಎಂದು ಹೇಳಿ ಅವನು ಆ ಹೊಸ ಕಟ್ಟಡದ ಮೊದಲನೇ ಮಹಡಿಯಲ್ಲಿ ಮನೆ ಪಡೆದಿದ್ದ.

"ಹ್ವಾಯ್ ಗುಣಕ್ಕ, ಅರಮನೆ ತೋರ್ಸಿ ಗುಡಿಸ್ಲ್ ಕೇಂಡ್ರೆ ಯಾರ್ ಕೊಡ್ತ್ರ್?" ಎಂದ.

"ನಿನ್ನ ಅಕ್ಕನ ಹಂಗಂಗೆ ನೀ ಬಚಾವ್," ಎಂದು ರಘುರಾಮ ತಿರುಗಿ ಕೊಟ್ಟ. ವಿಶ್ವನಾಥ ನಕ್ಕ. ಆಮೇಲೆ ನಗು ನಿಲ್ಲಿಸಿ, ದನಿ ತಗ್ಗಿಸಿ, "ಒಂದನೇ ತಾರೀಕಿಗೆ ಕರೆಂಟ್ ತೆಗಿತ್ರಂತೆ ಮಾರಾಯ," ಎಂದ.

ಮಾಲೀಕರ ಮಕ್ಕಳು ಈ ತಿಂಗಳ ಕೊನೆಗೆ ಹೋಟೆಲ್ ಮುಚ್ಚಿ ಕಟ್ಟಡ ಕೆಡವಲು ನಿರ್ಧರಿಸಿದ್ದರು. ರಘುರಾಮನಿಗೆ ಇನ್ನೊಂದು ಶಾಖೆಯಲ್ಲಿ ಕೆಲಸವಿತ್ತು, ಮಲಗಲು ಜಾಗವಿರಲಿಲ್ಲ. ಅಲ್ಲಿ ಒಂಟಿ ಗಂಡಸರಿಗೆ ಮಾತ್ರ ಮೇಲಂತಸ್ತು. ಮಂದವೆಳಿಯಲ್ಲಿ ನೋಡಿದ ಒಂದು ಕೋಣೆಗೆ ಕೇಳಿದ ಅಡ್ವಾನ್ಸು ಅವರ ಊಹೆಗೂ ಮೀರಿತ್ತು. ಊರಾಚೆ ಪೆರುಂಬಾಕ್ಕಂನಲ್ಲಿ ಸಿಗುತ್ತಿತ್ತು. ಅಲ್ಲಿಂದ ಹೋಟೆಲ್ ತೆರೆಯುವ ಹೊತ್ತಿಗೆ ತಲುಪಿಸುವ ಬಸ್ಸಿರಲಿಲ್ಲ. ಪ್ರಣಮ್ಯಾಳಿಗೆ ಈ ವರ್ಷ ಹತ್ತನೇ ಕ್ಲಾಸಿನ ಪರೀಕ್ಷೆ. ಗುಣವತಿ ಪ್ರತಿ ದಾರಿಯನ್ನೂ ಕೊನೆಯವರೆಗೆ ನಡೆದು ನೋಡಿ ವಾಪಸಾಗಿದ್ದಳು. ಎಲ್ಲ ದಾರಿಗಳೂ ಅದೇ ಶುಕ್ರವಾರಕ್ಕೆ ಬಂದು ನಿಲ್ಲುತ್ತಿದ್ದವು.

"ಒಂದ್ ಮಾತ್ ಹೇಳ್ತೆ, ಬೇಜಾರ್ ಮಾಡ್ಕಣ್ಬೇಡ," ಎಂದ ರಘುರಾಮ ಮೆಟ್ಟಿಲು ಹತ್ತುತ್ತ. "ನನ್ನ ಮನೆ ನನ್ನ ಅಕ್ಕಂದ್. ನಿನ್ನ ಮನೆ ನಿಮ್ಮ ದೈವದ್ದ್. ನಮ್ಮಿಬ್ರದ್ದ್ ಅಂದ್ ಒಂದ್ ಬ್ಯಾಡ್ದಾ?"

ಗುಣವತಿ ಎರಡು ಮೆಟ್ಟಿಲು ಹಿಂದೆ ಉಳಿದಳು. ಮದುವೆಯಾದಂದಿನಿಂದ ಅವನು ತನ್ನದೆಂದು ಏನನ್ನೂ ಕೇಳಿರಲಿಲ್ಲ ಎಂಬುದು ಅವಳಿಗೆ ಆಗಲೇ ಹೊಳೆದದ್ದು.

ಮರುದಿನ ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಅವಳು ತಾರಸಿಗೆ ಹೋದಳು. ಕೋಣೆಯಲ್ಲಿ ಸಿಗ್ನಲ್ ಸಿಗುತ್ತಿರಲಿಲ್ಲ. ಶಾಲೆಗೆ ರಜೆ ಇದ್ದುದರಿಂದ ಪ್ರಣಮ್ಯಾಳೂ ಫೋನು ಹಿಡಿದು ಹಿಂದೆಯೇ ಬಂದಳು. ನೀರಿನ ಟ್ಯಾಂಕಿನ ನೆರಳು ಗೋಡೆಗಂಟಿಕೊಂಡು ಒಂದು ಚೂರು ಉಳಿದಿತ್ತು, ಇಬ್ಬರೂ ಅದರಲ್ಲಿ ಒತ್ತಿಕೊಂಡು ನಿಂತರು. ಪರದೆಯ ಮೇಲೆ ಮೊದಲು ಮಾವನ ಕಿವಿ ಬಂತು, ಆಮೇಲೆ ಮುಖ.

ಅವಳು ಪದ್ಮನಾಭರಿಗೆ ಎಲ್ಲ ಹೇಳಿ ಮುಗಿಸಿದಳು.

"ಸಹಿ ಹಾಕೂಕೆ ನಂಗೆಂತ ಕಷ್ಟ ಮಗಾ? ಹಾಕ್ತೆ. ಆರೆ ಬಿಟ್ಟೆ ಅಂದ್ ನಂಗ್ ಹೇಳ್ರೆ ಆತಿಲ್ಲೆ. ನಾ ಈ ಮನೆ ಕಾವಲಿನವ. ಮನೆ ಯಾರ್ ಕೊಟ್ಟದ್ದೋ ಆ ದೈವಕ್ಕೇ ಹೇಳ್ಕ್."

"ಊರಿಗ್ ಬಪ್ಪುಕೆ ಎಲ್ಲಿತ್ತ್ ಮಾವ ಪುರ್ಸೊತ್ತ್? ಶುಕ್ರವಾರ—"

"ಬಪ್ಪುದ್ ಬ್ಯಾಡ. ಫೋನ್ ಹಿಡಿತೆ." ಎದ್ದು ನಿಂತು, "ಕಾಲಂಗೆ ಎಂತ ಇತ್ತ್?" ಎಂದರು.

"ಚಪ್ಪಲಿ."

"ತೆಗಿ."

ಅವಳು ತೆಗೆದಳು. ನೆರಳಿನಿಂದ ಅರ್ಧ ಹೊರಗಿದ್ದ ಪಾದಕ್ಕೆ ತಾರಸಿಯ ಕಾವು ಹತ್ತಿತು. ಪರದೆ ಕತ್ತಲಾಯಿತು. ಮಾವನ ಹೆಜ್ಜೆ, ಏದುಸಿರು, ಮರದ ಬಾಗಿಲು ಕಿರುಗುಟ್ಟಿದ್ದು ಕೇಳಿಸಿತು. ಆಮೇಲೆ ಕತ್ತಲ ನಡುವೆ ಒಂದು ದೀಪದ ಕುಡಿ. ಅದರ ಮೇಲೆ ಮನೆದೈವ ಹಾಯ್ಗುಳಿಯ ಉಯ್ಯಾಲೆ, ಹಿತ್ತಾಳೆಯ ಸರಪಳಿ, ಕೆಂಪು ಬಟ್ಟೆ. ಪ್ರಣಮ್ಯಾ ಹುಟ್ಟಿದ ಹದಿನಾರನೇ ದಿನ ಅವಳ ಅಜ್ಜಿ ಮಗುವನ್ನು ಆ ಉಯ್ಯಾಲೆಯ ಕೆಳಗೆ ಮಲಗಿಸಿ, "ಹೆಣ್ಣ್ ಬಂತ್. ಮನೆ ಉಳೀತ್," ಎಂದಿದ್ದರು. ಮನೆಯವರೆಲ್ಲ ಆಗ ಅತ್ತಿದ್ದರು, ಸಂತೋಷಕ್ಕೆ.

"ನಿಂದೊಬ್ಳದ್ದೇ ಹೇಳ್ರೆ ಸಾಕಾತಿಲ್ಲೆ," ಎಂದಿತು ಮಾವನ ದನಿ. "ನಿನ್ನ ಹೊಟ್ಟಿಯವ್ಳದ್ದೂ ಹೇಳ್ಕ್. ನಿನ್ನ ನಂತ್ರ ಈ ಮನಿಗೆ ಇಪ್ಪು ಹೆಣ್ಣ್ ಅದೊಂದೇ."

ಗುಣವತಿ ಮಗಳ ಕಡೆ ತಿರುಗಿದಳು. ಕೆಳಗೆ ಓಣಿಯಲ್ಲಿ ಆಟೋ ಒಂದು ಹಾರ್ನ್ ಹೊಡೆಯುತ್ತ ಹಿಂದಕ್ಕೆ ಸರಿಯುತ್ತಿತ್ತು.

"ನಾನ್ ಸೊಲ್ಲಟ್ಟುಮಾ ಅಮ್ಮಾ?" ಎಂದಳು ಪ್ರಣಮ್ಯಾ, ತಾನೇ ಹೇಳಲೇ ಎಂದು. ಮನೆಯ ಮಾತೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ಪರದೆಯತ್ತ ಬಾಗಿ, ಅಂಗಡಿಯಲ್ಲಿ ಬೇಡದ ಬಟ್ಟೆ ತಳ್ಳುವಷ್ಟು ಸಲೀಸಾಗಿ, "ಎನಕ್ಕು ಅಂದ ವೀಡು ವೇಂಡಾಂ," ಎಂದಳು, ಆ ಮನೆ ತನಗೆ ಬೇಡವೆಂದು.

"ಅದ್ಕ್ ತಮಿಳ್ ಬತ್ತಿಲ್ಲೆ ಮಗಾ," ಎಂದರು ಪದ್ಮನಾಭ.

ಪ್ರಣಮ್ಯಾಳಿಗೆ ನಗು ಬಂತು. ತಾಯಿಯ ಮುಖ ನೋಡಿ ಅದು ಅರ್ಧಕ್ಕೇ ನಿಂತಿತು. ಅವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಏಕೆಂದು ತಿಳಿಯದೆ, ತನ್ನ ಚಪ್ಪಲಿಯನ್ನೂ ಕಳಚಿದಳು.

ಗುಣವತಿ ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು. "ಹಾಯ್ಗುಳಿ," ಎಂದಳು. ಮತ್ತೆ ಮೊದಲಿಂದ ಶುರುಮಾಡಿದಳು. "ಹಾಯ್ಗುಳಿ, ನಾನ್ ದೊಡ್ಹಿತ್ಲು ಮನೆ ಗುಣವತಿ. ನಂಗೂ ನನ್ನ ಹೊಟ್ಟಿಯವ್ಳಿಗೂ ಈ ಮನೆಯಂಗೆ ಇನ್ ಹಕ್ಕಿಲ್ಲೆ. ಬಿಟ್ಟೆ. ಕೋಪ ಮಾಡ್ಕಣ್ಬೇಡ. ಕೋಪ ಮಾಡೂದಾರೆ ನನ್ ಮೇಲ್ ಮಾಡ್, ಇವ್ಳ ಮೇಲ್ ಬ್ಯಾಡ."

ಆ ಕಡೆಯಿಂದ ಸದ್ದಿಲ್ಲ. ನೆಟ್‌ವರ್ಕ್ ಹೋಗಿ ಚಿತ್ರ ನಿಂತುಬಿಟ್ಟಿರಬಹುದೆಂದು ಅವಳಿಗೆ ಒಂದು ಕ್ಷಣ ಆಸೆ ಹುಟ್ಟಿತು. ಹಾಗಿದ್ದರೆ ಹೇಳಿದ್ದು ಮುಟ್ಟಿರಲಿಲ್ಲ, ಇನ್ನೊಮ್ಮೆ ಯೋಚಿಸಬಹುದಿತ್ತು. ಅವಳು ಪರದೆಯ ಹತ್ತಿರ ಮುಖ ತಂದು ನೋಡಿದಳು. ದೀಪದ ಕುಡಿ ಅಲ್ಲಾಡುತ್ತಿತ್ತು.

ಧಾರೆಯೆರೆದಂತೆ ಚೊಂಬಿನಿಂದ ನೀರು ನೆಲಕ್ಕೆ ಬಿದ್ದ ಸದ್ದಾಯಿತು.

"ಆಯ್ತ್," ಎಂದರು ಮಾವ. ಬಾಗಿಲು ಮತ್ತೆ ಕಿರುಗುಟ್ಟಿ, ಹೊರಗಿನ ಬೆಳಕಿಗೆ ಅವರ ಮುಖ ಬಂತು. ಕಣ್ಣು ಕಿರಿದು ಮಾಡಿದ್ದರು. "ಉಂಡ್ಯಾ?"

"ಹೂಂ."

"ನಾಳೆ ಪೇಟಿಗ್ ಹೋಯಿ ಕಾಗ್ದ ಕಳಿಸ್ತೆ." ಅವರು ಫೋನು ಆರಿಸುವುದು ಎಲ್ಲಿ ಎಂದು ಹುಡುಕುತ್ತಿದ್ದವರು ಬೆರಳು ನಿಲ್ಲಿಸಿ ಹೇಳಿದರು: "ಇನ್ ಊರಿಗ್ ಬಂದ್ರೆ ಮುಂದಿನ ಬಾಗಿಲಂಗೇ ಬಾ, ಆಯ್ತಾ. ಅಡ್ಗಿಮನೆ ಬಾಗಿಲಂಗ್ ಬರ್ಬೇಡ. ಅದ್ ಮನೆ ಹೆಣ್ಮಕ್ಕಳ್ದ್."

ಶುಕ್ರವಾರ ಹರಿಪ್ರಿಯಾ ತಗಡಿನ ಆಫೀಸಿನಿಂದ ಹೊರಗೇ ಬಂದು ಅವರನ್ನು ಎದುರುಗೊಂಡಳು. ಅವಳ ಮುಖ ಅರಳಿತ್ತು. ಮಾವನ ಕಾಗದ ಬೆಳಿಗ್ಗೆಯೇ ಬಂದು, ಬ್ಯಾಂಕಿನವರೂ ಒಪ್ಪಿದ್ದರು. "ನಾನು ಹೇಳಿದೆ ದಾನೆ? ಮನಸ್ಸು ಮಾಡಿದರೆ ಎಲ್ಲಾ ಆಗತ್ತೆ," ಎಂದಳು.

"ಕೈಗೆ ಯಾವಾಗ ಸಿಕ್ಕತ್ತ್ ಅಮ್ಮಾ?" ಎಂದು ರಘುರಾಮ ಕೇಳಿದ.

"ಬರೋ ಪೊಂಗಲ್‌ಗೆ ಅಂತಾರೆ ಬಿಲ್ಡರ್. ಅದರ ಮುಂದಿನ ಪೊಂಗಲ್ ಅಂತ ಇಟ್ಕೊಳ್ಳಿ."

"ಅಲ್ಲಿವರೆಗೆ?"

"ಅದು ನಮ್ಮ ಯೋಜನೇಲಿ ಬರಲ್ಲ," ಎಂದಳು ಹರಿಪ್ರಿಯಾ ಮೆಲ್ಲಗೆ. ಆ ಮಾತನ್ನು ಅಲ್ಲಿಗೇ ಬಿಡಲಾಗದೆ ಅವಳು ಗುಣವತಿಯ ಮೊಣಕೈ ಹಿಡಿದು, ಮರಳುರಾಶಿಯ ಬದಿಗೆ ಕರೆದುಕೊಂಡು ಹೋಗಿ ಮೇಲಕ್ಕೆ ಬೆರಳು ತೋರಿಸಿದಳು. "ನೋಡಿ. ನಿಮ್ಮದು ಮೂರನೇ ಮಹಡಿ, ಆ ಮೂಲೆ. ಆ ಕಾಗೆ ಹಾರ್ತಾ ಇದೆಯಲ್ಲ, ಅಲ್ಲೇ ನಿಮ್ಮ ಅಡಿಗೆಮನೆ ಬರತ್ತೆ."

ಗುಣವತಿ ತಲೆಯೆತ್ತಿದಳು. ಎರಡನೇ ಮಹಡಿಯ ಕಂಬಗಳ ಮೇಲೆ ಸರಳುಗಳಿದ್ದವು, ಸರಳುಗಳ ಮೇಲೆ ಪುರಸೈವಾಕ್ಕಂನ ಬಿಳಿ ಆಕಾಶ. ಕಾಗೆ ಆ ಮೂಲೆಯಲ್ಲಿ ಎರಡು ಸುತ್ತು ಸುತ್ತಿ, ಕೂರಲು ಜಾಗ ಕಾಣದೆ ಅಂಗಡಿಗಳ ಕಡೆಗೆ ಹೊರಟುಹೋಯಿತು.

"ಅಮ್ಮಾ, ಸೆರುಪ್ಪು ಪೋಡುಂಗ! ಕೀಳೆ ಆಣಿ ಇರುಕ್ಕು!" ಎಂದು, ಚಪ್ಪಲಿ ಹಾಕಿಕೊಳ್ಳಲು ಹೇಳಿ ಕಾವಲುಗಾರ ದೂರದಿಂದ ಕೂಗಿದ. ರಘುರಾಮ ಕೆಳಗೆ ನೋಡಿದ. ಮೊಳೆ, ಜಲ್ಲಿಚೂರುಗಳ ನಡುವೆ ಅವಳ ಚಪ್ಪಲಿಗಳು ಒಂದರ ಪಕ್ಕ ಒಂದು ಜೋಡಿಸಿಟ್ಟಂತೆ ಇದ್ದವು. ಗುಣವತಿ ಅವುಗಳಿಂದ ಒಂದು ಹೆಜ್ಜೆ ಮುಂದೆ, ಬರಿಗಾಲಲ್ಲಿ, ಮೇಲೆ ನೋಡುತ್ತ ನಿಂತಿದ್ದಳು.