ತೂಗಿದ ಕೋಳಿ, ತೂಗದ ಕೋಳಿ

ಕೆಲಸ ಒಟ್ಟು ನಲವತ್ತೆರಡು ದಿನಗಳದ್ದು. ಮೊದಲ ದಿನ ಬೆಳಿಗ್ಗೆ ಐವತ್ತು ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ ಬರುತ್ತವೆ. ಹದಿನಾಲ್ಕನೆಯ ದಿನದವರೆಗೆ ಅವುಗಳಿಗೆ ಬಲ್ಬಿನ ಕಾವು ಬೇಕು. ಅಲ್ಲಿಂದ ಮುಂದೆ ಫೀಡು, ನೀರು, ಒಣಗಿದ ಮರದ ಹೊಟ್ಟಿನ ನೆಲ ಇಷ್ಟಿದ್ದರೆ ಸಾಕು. ನಲವತ್ತೆರಡನೆಯ ದಿನ ಬೆಳಿಗ್ಗೆ ಏಳಕ್ಕೆ ಮಾಂಸದಂಗಡಿಯವನು ಬಂದು ಎಲ್ಲವನ್ನೂ ತೂಗಿ ಒಯ್ಯುತ್ತಾನೆ. ಈ ಅನುಕ್ರಮವನ್ನು ಕಿರಿಮಗಳು ಮೂರು ಬಣ್ಣದ ಶಾಯಿಯಲ್ಲಿ ಬರೆದು ಮನೆಯ ಹಿಂದಿನ ಕೋಳಿ ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದಳು. ಅಮ್ಮ ಇದನ್ನೇ ಹನ್ನೊಂದು ವರ್ಷ ಯಾವ ಕಾಗದವೂ ಇಲ್ಲದೆ ನಡೆಸಿಕೊಂಡು ಬಂದಿದ್ದಳು ಎಂಬುದು ನಿಜ. ಆದರೆ ಅಮ್ಮನ ಬಳಿ ವಿಜ್ಞಾನದ ಪದವಿ ಇರಲಿಲ್ಲ.

ಪಣಕ್ಕಿದ್ದದ್ದು ಆ ಶೆಡ್ಡು. ಅಮ್ಮ ಒದ್ದೆ ಮೆಟ್ಟಿಲಿನ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಿದ್ದಳು. ಇನ್ನು ನೀರಿನ ಬಕೆಟ್ಟು ಎತ್ತಕೂಡದೆಂದು ವೈದ್ಯರು ಹೇಳಿದ್ದರು. ಪ್ಲಾಸ್ಟರಿನ ಹಸಿ ಆರುವ ಮೊದಲೇ ಪಕ್ಕದ ಮನೆಯಿಂದ ಭಾವ, ಅಂದರೆ ಅಕ್ಕನ ಗಂಡ, ಅಳತೆಯ ಟೇಪು ಹಿಡಿದು ಬಂದರು. ಅವರ ಹೊಸ ಕಾರು ಎರಡು ತಿಂಗಳಿಂದ ಬಿಸಿಲಿನಲ್ಲಿ ನಿಂತಿತ್ತು.

"ಅತ್ತೆ, ನಿಮ್ಮ ಕೈಗೂ ವಿಶ್ರಾಂತಿ, ನನ್ನ ಕಾರಿಗೂ ನೆರಳು," ಎಂದರು.

"ಶೆಡ್ಡು ನಾನು ನೋಡ್ಕೋತೀನಿ," ಎಂದಳು ಕಿರಿಮಗಳು.

"ನೀನಾ? ಕೋಳಿ ಬೆಳೆಸೋದು ಪರೀಕ್ಷೆ ಬರೆದ ಹಾಗಲ್ಲ, ಮಿಲಿಗ್ರಾಂ."

ಒಮ್ಮೆ ಅವರ ಚಹಾಕ್ಕೆ ಸಕ್ಕರೆಯನ್ನು ತೂಗಿ ಹಾಕಿದ್ದಳು. ಆ ದಿನದಿಂದ ಭಾವನ ಬಾಯಲ್ಲಿ ಅವಳಿಗೆ ಬೇರೆ ಹೆಸರಿರಲಿಲ್ಲ.

ಅಮ್ಮ ಇಬ್ಬರನ್ನೂ ನೋಡಿ ತೀರ್ಪು ಕೊಟ್ಟಳು. "ಒಂದು ಸಲ ಅವಳ ಕೈಗೆ ಕೊಡೋಣ. ಅಂಗಡಿಯವನು ಎರಡು ಕಿಲೋ ಕೋಳಿ ಕೇಳ್ತಾನೆ. ಕೊನೇ ದಿನ ಸರಾಸರಿ ಎರಡು ಕಿಲೋ ಬಂದ್ರೆ ಶೆಡ್ಡು ಅವಳಿಗೆ, ಬರದಿದ್ರೆ ನಿಮ್ಮ ಕಾರಿಗೆ. ಆಮೇಲೆ ಯಾರೂ ಮುಖ ಊದಿಸ್ಕೊಂಡು ಕೂರೋ ಹಾಗಿಲ್ಲ."

ಕಿರಿಮಗಳಿಗೆ ಶೆಡ್ಡು ಬೇಕಿತ್ತು. ನೀರು ಪರೀಕ್ಷಿಸುವ ಪ್ರಯೋಗಾಲಯವೊಂದರಲ್ಲಿ ಏಳು ತಿಂಗಳು ಕೆಲಸ ಮಾಡಿ ಅವಳು ತೊಳೆದದ್ದು ಬೇರೆಯವರ ಬಾಟಲಿಗಳನ್ನು ಮಾತ್ರ. ಅಂಕಿಗಳನ್ನು ಬರೆಯುವ ಅವಕಾಶ ಒಂದು ದಿನವೂ ಸಿಕ್ಕಿರಲಿಲ್ಲ. ಇಲ್ಲಿ ಐವತ್ತು ಜೀವಗಳಿದ್ದವು, ನಲವತ್ತೆರಡು ದಿನಗಳಿದ್ದವು, ಮತ್ತು ಖಾಲಿ ಹಾಳೆಗಳ ದಪ್ಪ ಪುಸ್ತಕವೊಂದಿತ್ತು. ಇದಕ್ಕಿಂತ ಹೆಚ್ಚಿನ ಸುಖವನ್ನು ಅವಳು ಕಲ್ಪಿಸಿಕೊಂಡಿರಲೇ ಇಲ್ಲ.

"ಅರ್ಧ ಮರಿ ನನ್ನ ಕಣ್ಣಳತೆಗೆ ಬಿಡು," ಎಂದಳು ಅಮ್ಮ. "ಮುರಿದಿರೋದು ಕೈ, ಕಣ್ಣಲ್ಲ."

ರೋಗಿ ಬಯಸಿದ್ದನ್ನೇ ವೈದ್ಯ ಹೇಳಿದಂತಾಯಿತು; ಹೋಲಿಸಿ ನೋಡಲು ಒಂದು ಗುಂಪು ತಾನಾಗಿಯೇ ದೊರೆಯಿತು. ಶೆಡ್ಡಿನ ನಡುವೆ ಜಾಲರಿ ಕಟ್ಟಿ ಇಪ್ಪತ್ತೈದು ಮರಿಗಳನ್ನು ಈಚೆಗೆ, ಇಪ್ಪತ್ತೈದನ್ನು ಆಚೆಗೆ ಬಿಟ್ಟಳು. ಈಚಿನದು ಅವಳ ಗುಂಪು, ಆಚಿನದು ಅಮ್ಮನದು. ಪುಸ್ತಕದ ಮೊದಲ ಪುಟದಲ್ಲಿ, ಎರಡು ಗುಂಪುಗಳಿಗೂ ಸಮಾನವಾಗಿರುವ ಅಂಶಗಳನ್ನು ಕ್ರಮವಾಗಿ ಬರೆದಳು: ಫೀಡು, ನೀರು, ಬೆಳಕು, ನೆಲದ ಹೊಟ್ಟು, ನೋಡಿಕೊಳ್ಳುವವಳು. ಕೊನೆಯದರ ಮುಂದೆ, "ಒಬ್ಬಳೇ, ಆದ್ದರಿಂದ ವ್ಯತ್ಯಾಸವಿಲ್ಲ" ಎಂದು ಸೇರಿಸಿ ಅಡಿಗೆರೆ ಎಳೆದಳು.

ಅಮ್ಮನ ವಿಧಾನವನ್ನು ಒಂದೇ ವಾಕ್ಯದಲ್ಲಿ ಹೇಳಬಹುದು. ಎಡಗೈಯಿಂದ ತಟ್ಟೆಗೆ ಫೀಡು ಸುರಿದು, ಬಾಗಿಲ ಚೌಕಟ್ಟಿಗೆ ಒರಗಿ, ಒಂದಷ್ಟು ಹೊತ್ತು ನೋಡಿ, ಹೋಗುತ್ತಿದ್ದಳು. ಮಗಳ ವಿಧಾನಕ್ಕೆ ನಾಲ್ಕು ಪುಟ ಬೇಕಾದವು. ಹೊಟ್ಟೆ ತುಂಬಿದ ಕೋಳಿಯ ತೂಕ ನಂಬತಕ್ಕದ್ದಲ್ಲವಾದ್ದರಿಂದ ಬೆಳಿಗ್ಗೆ ಐದಕ್ಕೇ ಫೀಡಿನ ತಟ್ಟೆಯನ್ನು ಎತ್ತಿಡುವುದು. ಆರೂವರೆಗೆ, ಕಾಲಿಗೆ ಬಣ್ಣದ ಉಂಗುರ ತೊಡಿಸಿದ ಕೋಳಿಗಳನ್ನು ಒಂದೊಂದಾಗಿ ಹಿಡಿಯುವುದು. ಬಕೆಟ್ಟಿನಲ್ಲಿ ಕೂರಿಸಿ ತಕ್ಕಡಿಯ ಮೇಲಿಡುವುದು. ಅದು ರೆಕ್ಕೆ ಬಡಿಯುವುದನ್ನು ನಿಲ್ಲಿಸಿ ಅಂಕಿ ಸ್ಥಿರವಾಗುವವರೆಗೆ ಕಾಯುವುದು. ಮೂರು ಬಾರಿ ತೂಗಿ ಸರಾಸರಿ ತೆಗೆಯುವುದು. ಒಂದು ಕೋಳಿಗೆ ಮೂರು ನಿಮಿಷ, ಇಪ್ಪತ್ತೈದಕ್ಕೆ ಒಂದೂಕಾಲು ಗಂಟೆ. ಅಮ್ಮನ ಗುಂಪಿನಲ್ಲಿ ವಾರಕ್ಕೊಮ್ಮೆ ಐದನ್ನು ಮಾತ್ರ ತೂಗಲು ಅಪ್ಪಣೆಯಿತ್ತು. ಅದೂ ಬೇಗ ಬೇಗ.

ಒಂದು ವಾರವಾದಾಗ ಎರಡೂ ಕಡೆಯ ತೂಕ ಹೆಚ್ಚು ಕಡಿಮೆ ಒಂದೇ ಇತ್ತು. ಹದಿನಾಲ್ಕನೆಯ ದಿನ ಅಮ್ಮನ ಕೋಳಿ ನಾನೂರು ಗ್ರಾಂ ತೂಗಿದರೆ ಮಗಳದು ಮುನ್ನೂರ ಅರವತ್ತಕ್ಕೆ ನಿಂತಿತು.

"ಫೀಡಿನ ಮೂಟೆಯ ಅಡಿಯಲ್ಲಿ ಪುಡಿ ಜಾಸ್ತಿ ಇರುತ್ತೆ. ನನ್ನ ಗುಂಪಿಗೆ ಪುಡಿಯೇ ಹೋಗಿರಬೇಕು," ಎಂದು ಅವಳು ವಿವರಿಸಿದಳು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಎಂದರು ಭಾವ, ಬೇಲಿಯ ಆಚೆಯಿಂದ.

ಅವಳು ಫೀಡನ್ನು ಜರಡಿ ಹಿಡಿದಳು. ಗಾಳಿ ಬೀಸುವ ದಿಕ್ಕನ್ನು ದಾರದ ತುಂಡು ಕಟ್ಟಿ ಪರೀಕ್ಷಿಸಿದಳು. ಮೂರು ಕಡೆ ಉಷ್ಣಮಾಪಕ ತೂಗುಹಾಕಿ ಎರಡು ಗಂಟೆಗೊಮ್ಮೆ ಓದಿದಳು. ಇಪ್ಪತ್ತೊಂದನೆಯ ದಿನ ಅಂತರ ನೂರ ಇಪ್ಪತ್ತು ಗ್ರಾಮಿಗೆ ಏರಿತು. ಅಂದು ಅವಳ ಒಂದು ಕೋಳಿಯ ಸರಾಸರಿ ತೂಕ ಆರುನೂರ ತೊಂಬತ್ತು ಗ್ರಾಂ. ದಾಖಲೆ ಪುಸ್ತಕದ್ದು ಏಳುನೂರ ಹತ್ತು. ಮೂಗಿಗಿಂತ ಮೂಗುತಿ ಭಾರವಾಗಿತ್ತು. ಪುಸ್ತಕದ ತೂಕ ಅವಳಿಗೆ ಹೇಗೆ ಗೊತ್ತಾಯಿತೆಂದು ಬೇರೆ ಹೇಳಬೇಕಾಗಿಲ್ಲ.

ಮಾಹಿತಿ ಸಾಲದಾಗಿದೆ ಎಂಬ ತೀರ್ಮಾನಕ್ಕೆ ಅವಳು ಬಂದಳು. ಆದ್ದರಿಂದ ಇಪ್ಪತ್ತೆರಡನೆಯ ದಿನದಿಂದ ಸಂಜೆಯೂ ತೂಗತೊಡಗಿದಳು.

"ದಿನಕ್ಕೆ ಎರಡು ಸಲಾನಾ?" ಅಮ್ಮ ಕೇಳಿದಳು. "ಅವಕ್ಕೆ ಬೇಜಾರಾಗಲ್ವಾ?"

"ಬೇಜಾರನ್ನ ಅಳೆಯೋಕಾಗಲ್ಲಮ್ಮಾ."

"ಹಾಗಾದ್ರೆ ಇಲ್ಲ ಅಂತಾನಾ?"

ಭಾವ ನಕ್ಕರು. "ಬಿಡಿ ಅತ್ತೆ, ಕೋಳಿ ಕೇಳಿ ಯಾರಾದ್ರೂ ಖಾರ ಅರೀತಾರಾ!"

ಇಪ್ಪತ್ತಾರನೆಯ ದಿನ ಸಂಜೆ ಅವಳು ಬಕೆಟ್ಟು ಹಿಡಿದು ಒಳಗೆ ಕಾಲಿಟ್ಟ ಕೂಡಲೇ ಇಪ್ಪತ್ತೈದು ಕೋಳಿಗಳೂ ಒಂದೇ ಮೂಲೆಗೆ ನುಗ್ಗಿದವು. ಒಂದರ ಮೇಲೊಂದು ಬಿದ್ದ ರಾಶಿಯನ್ನು ಅವಳು ಎರಡೂ ಕೈಗಳಿಂದ ಬಿಡಿಸುವಷ್ಟರಲ್ಲಿ ಅಡಿಯಲ್ಲಿದ್ದ ಹಳದಿ ಉಂಗುರದ ಹದಿನೇಳನೆಯದು ಉಸಿರು ಬಿಟ್ಟಿತ್ತು. ಅದು ಇನ್ನೂ ಬೆಚ್ಚಗಿತ್ತು. ಪುಸ್ತಕದಲ್ಲಿ ಅದರ ಸಾಲನ್ನು ಗೆರೆ ಎಳೆದು ಮುಚ್ಚಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮರಣದ ಕಾರಣ ಎಂಬ ಕಾಲಂನಲ್ಲಿ "ನೂಕುನುಗ್ಗಲು" ಎಂದು ಬರೆದಳು. ನೂಕುನುಗ್ಗಲಿಗೆ ಕಾರಣವೇನೆಂಬ ಕಾಲಂ ಪುಸ್ತಕದಲ್ಲಿರಲಿಲ್ಲ.

ಇಪ್ಪತ್ತೆಂಟನೆಯ ದಿನದ ತೂಕ: ಅಮ್ಮನದು ಸಾವಿರದ ಮುನ್ನೂರ ಹತ್ತು, ಮಗಳದು ಸಾವಿರದ ಎಂಬತ್ತು. ಇನ್ನೂರ ಮೂವತ್ತು ಗ್ರಾಂ ಹಿಂದೆ. ಉಳಿದದ್ದು ಹದಿನಾಲ್ಕು ದಿನ. ಶೆಡ್ಡು ಕೈತಪ್ಪುತ್ತಿದೆ ಎಂಬುದನ್ನು ತಿಳಿಯಲು ಈಗ ಪದವಿ ಬೇಕಾಗಿರಲಿಲ್ಲ.

ಕೋಳಿಗಳು ಎಷ್ಟು ಹೊತ್ತು ತಿನ್ನುತ್ತವೆ ಎಂಬುದೊಂದನ್ನು ಅವಳು ಅಳೆದಿರಲಿಲ್ಲ. ಆ ದಿನ ತೂಗುವ ಕೆಲಸ ಮುಗಿಸಿ, ತಟ್ಟೆ ಒಳಗಿಟ್ಟು, ಹೊರಗೆ ಬಕೆಟ್ಟನ್ನು ಬೋರಲು ಹಾಕಿ ಕುಳಿತು ಗಡಿಯಾರ ನೋಡುತ್ತ ಕಾದಳು. ಆಚೆಯವು ತಿನ್ನುತ್ತಿದ್ದವು. ಈಚೆಯವು ಬಾಯಿ ತೆರೆದು ಏದುಸಿರು ಬಿಡುತ್ತ ಮೂಲೆಯಲ್ಲಿ ನಿಂತಿದ್ದವು. ಹತ್ತು ನಿಮಿಷ, ಇಪ್ಪತ್ತು, ನಲವತ್ತು. ಎಪ್ಪತ್ತೆರಡನೆಯ ನಿಮಿಷದಲ್ಲಿ ಮೊದಲನೆಯ ಕೋಳಿ ತಟ್ಟೆಯ ಬಳಿಗೆ ಬಂತು.

ಅಷ್ಟರಲ್ಲಿ ಅಮ್ಮ ಎಡಗೈಯಲ್ಲಿ ಡಬ್ಬಿ ಹಿಡಿದು ಶೆಡ್ಡಿಗೆ ಬಂದಳು. ಎರಡೂ ಕಡೆಯ ಕೋಳಿಗಳು ಅವಳತ್ತ ಓಡಿದವು. ಮಗಳ ಗುಂಪಿನವು ಜಾಲರಿಗೆ ಕೊಕ್ಕು ತೂರಿಸಿ ನಿಂತವು. ಮಗಳು ಸಂತೋಷದಿಂದ ಎದ್ದು ಒಳಗೆ ಬಂದಳು. ಇಪ್ಪತ್ನಾಲ್ಕೂ ಮರುಕ್ಷಣವೇ ಮೂಲೆ ಸೇರಿದವು.

"ನರಿ ಬಂದ್ರೂ ಇಷ್ಟು ಹೆದರಲ್ಲ ಕಣೇ," ಎಂದರು ಬಾಗಿಲಲ್ಲಿ ನಿಂತಿದ್ದ ಭಾವ. "ನರಿಗೆ ದಿನಕ್ಕೆ ಒಂದು ಸಾಕು. ನೀನು ಎಲ್ಲಾನೂ ಹಿಡೀತೀಯ!"

ಅವಳು ಜಾಲರಿ ದಾಟಿ ಅಮ್ಮನ ಗುಂಪಿನೊಳಗೆ ಹೋದಳು. ಅಲ್ಲಿ ನೀರಿಡುವವಳೂ ಹೊಟ್ಟು ಕೆದಕುವವಳೂ ಅವಳೇ. ಅಲ್ಲಿ ಯಾವ ಕೋಳಿಯೂ ಓಡಲಿಲ್ಲ; ಒಂದು ಅವಳ ಚಪ್ಪಲಿಯ ಪಟ್ಟಿಯನ್ನು ಕುಕ್ಕಿ ನೋಡಿತು. ವಾಪಸು ಬಂದು ಪುಸ್ತಕದ ಮೊದಲ ಪುಟ ತೆರೆದಳು. ತಟ್ಟೆ ಎತ್ತಿಟ್ಟ ಒಂದೂವರೆ ಗಂಟೆ, ತೂಗುವ ಒಂದೂಕಾಲು ಗಂಟೆ, ಆಮೇಲೆ ಹೆದರಿಕೆಯ ಎಪ್ಪತ್ತೆರಡು ನಿಮಿಷ: ಬೆಳಿಗ್ಗೆಯೊಂದರಲ್ಲೇ ಸುಮಾರು ನಾಲ್ಕು ಗಂಟೆ ಅವಳ ಕೋಳಿಗಳು ಉಪವಾಸ. ಸಂಜೆಯದು ಬೇರೆ. ಫೀಡನ್ನು ಶಂಕಿಸಿದಳು, ಗಾಳಿಯನ್ನು ಶಂಕಿಸಿದಳು, ಬೆಳಕನ್ನು ಶಂಕಿಸಿದಳು. ಅಡಿಗೆರೆ ಎಳೆದ ಐದನೆಯ ಅಂಶವನ್ನು ಮಾತ್ರ ಶಂಕಿಸಿರಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲವೆಂದು ಓದದವರೂ ಬಲ್ಲರು. ಅವಳು ಅದನ್ನು ತಿಳಿಯಲು ಇಪ್ಪತ್ತೆಂಟು ದಿನ, ಏಳುನೂರಕ್ಕೂ ಮೀರಿದ ಅಂಕಿಗಳು ಮತ್ತು ಒಂದು ಜೀವವನ್ನು ವ್ಯಯಿಸಿದ್ದಳು.

ತಕ್ಕಡಿಯನ್ನು ತಂದು ಅಮ್ಮನ ಮುಂದಿಟ್ಟಳು.

"ಇದನ್ನ ನನಗೆ ಕಾಣದ ಹಾಗೆ ಇಡಮ್ಮಾ. ನಾನು ಕೇಳಿದ್ರೂ ಕೊಡಬೇಡ."

"ಅತ್ತರೆ?"

"ಅತ್ತರೂ."

ಮುಂದಿನ ಹದಿಮೂರು ದಿನ ಅವಳು ಜೀವನದಲ್ಲೇ ಅತಿ ಕಷ್ಟದ ಕೆಲಸ ಮಾಡಿದಳು: ಏನನ್ನೂ ಮಾಡಲಿಲ್ಲ. ತಟ್ಟೆ ತುಂಬಿಸಿ, ನೀರು ಬದಲಿಸಿ, ಬಾಗಿಲ ಚೌಕಟ್ಟಿಗೆ ಒರಗಿ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಿಲ್ಲುತ್ತಿದ್ದಳು. ಮೊದಲೆರಡು ದಿನ ಕೋಳಿಗಳು ನಂಬಲಿಲ್ಲ. ನಾಲ್ಕನೆಯ ದಿನ ಅವಳಿದ್ದಾಗಲೇ ತಿಂದವು. ಅವು ಬೆಳೆಯುತ್ತಿವೆಯೇ ಎಂಬುದು ಮಾತ್ರ ತಿಳಿಯದು. ಒಂದು ಕೋಳಿ ಕೊಂಚ ಅಗಲವಾಗಿ ಕಂಡರೆ ಹಿಗ್ಗುವಳು. ಮರುಕ್ಷಣವೇ ಅದು ಗರಿ ಕೊಡವಿ ಮೊದಲಿನಂತಾದರೆ ಕುಗ್ಗುವಳು. ಒಂದು ಮಧ್ಯಾಹ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸರಿಸುತ್ತಿದ್ದಾಗ ಸಿಕ್ಕಿಬಿದ್ದಳು.

"ಏನು ಹುಡುಕ್ತಿದ್ದೀಯ?"

"ಉಪ್ಪು."

"ಉಪ್ಪು ನಿನ್ನ ಕೈಯಲ್ಲೇ ಇದೆಯಲ್ಲೇ."

ಭಾವ ದಿನಕ್ಕೊಮ್ಮೆ ಬಂದು ಶೆಡ್ಡಿನ ಬಾಗಿಲಿನ ಅಗಲವನ್ನು ಟೇಪು ಹಿಡಿದು ಅಳೆಯುತ್ತಿದ್ದರು. ಅವಳಿಗೆ ಹೊಟ್ಟೆ ಉರಿಯುತ್ತಿತ್ತು. ಶೆಡ್ಡು ಹೋಗುತ್ತದೆಂಬುದು ಒಂದು ಕಾರಣ. ಅವರು ಅಳೆಯುತ್ತಿದ್ದಾರೆ, ತಾನು ಅಳೆಯುವಂತಿಲ್ಲ ಎಂಬುದು ಇನ್ನೊಂದು. ಅವರು ಟೇಪನ್ನು ಓರೆಯಾಗಿ ಹಿಡಿಯುತ್ತಿದ್ದುದಂತೂ ನೋಡಲಾಗುತ್ತಿರಲಿಲ್ಲ.

"ಭಾವ, ಎರಡು ಸೆಂಟಿಮೀಟರ್ ತಪ್ಪಾಗುತ್ತೆ, ನೇರ ಹಿಡೀರಿ."

"ನಿನ್ನ ಶೆಡ್ಡು ಹೋಗ್ತಿದೆ, ನನಗೆ ಅಳತೆ ಹೇಳ್ಕೊಡ್ತೀಯಲ್ಲ!"

ನಲವತ್ತೆರಡನೆಯ ದಿನ ಏಳಕ್ಕೆ ಮಾಂಸದಂಗಡಿಯವನು ಬಂದ. ಬಾಗಿಲಿನ ತೊಲೆಗೆ ಕೊಕ್ಕೆಯ ತಕ್ಕಡಿ ನೇತುಹಾಕಿ, ಐದೈದು ಕೋಳಿಗಳನ್ನು ಬುಟ್ಟಿಗೆ ತುಂಬಿ, ಗುಂಪುಗಳನ್ನು ಬೇರೆ ಬೇರೆಯಾಗಿಯೇ ತೂಗಿದ. ಕಿರಿಮಗಳು ಅಂಕಿ ಬರೆದುಕೊಂಡಳು. ಎರಡು ಕಡೆ ಹೊಡೆದು ತಿದ್ದಿದಳು. ಅಮ್ಮನ ಇಪ್ಪತ್ತೈದರ ಸರಾಸರಿ ಎರಡು ಕಿಲೋ ನೂರ ನಲವತ್ತು ಗ್ರಾಂ. ಅವಳ ಇಪ್ಪತ್ನಾಲ್ಕರದು ಒಂದು ಕಿಲೋ ಒಂಬೈನೂರ ನಲವತ್ತು. ಎಲ್ಲ ಸೇರಿ ಎರಡು ಕಿಲೋ ನಲವತ್ತೆರಡು ಗ್ರಾಂ.

"ಎರಡು ದಾಟಿತಲ್ಲ!" ಎಂದ ಅಂಗಡಿಯವನು.

"ಅದು ಹೇಗೆ?" ಭಾವ ಮುಂದೆ ಬಂದರು. "ಅರ್ಧ ಅತ್ತೆಯ ಕೋಳಿ. ಪರೀಕ್ಷೆ ಇದ್ದದ್ದು ಇವಳಿಗೆ. ಇವಳದು ಅರವತ್ತು ಗ್ರಾಂ ಕಮ್ಮಿ."

ಎಲ್ಲರೂ ಅವಳತ್ತ ನೋಡಿದರು. ಸುಮ್ಮನಿದ್ದರೆ ಸಾಕಿತ್ತು. ಆದರೆ ಅಂಕಿಯ ಮುಂದೆ ಸುಮ್ಮನಿರುವ ವಿದ್ಯೆ ಅವಳಿಗೆ ಒಲಿದಿರಲಿಲ್ಲ.

"ಭಾವ ಹೇಳೋದು ಸರಿ," ಎಂದಳು. "ನನ್ನ ಗುಂಪು ಎರಡು ಕಿಲೋ ಮುಟ್ಟಲಿಲ್ಲ."

ಅಮ್ಮ ಅವಸರಪಡಲಿಲ್ಲ. "ಇಪ್ಪತ್ತೆಂಟನೇ ದಿನ ನಿನ್ನದು ಎಷ್ಟಿತ್ತು?"

"ಸಾವಿರದ ಎಂಬತ್ತು."

"ನನ್ನದು?"

"ಸಾವಿರದ ಮುನ್ನೂರ ಹತ್ತು."

"ಅಲ್ಲಿಂದ ಇವತ್ತಿನವರೆಗೆ ಯಾರ ಕೋಳಿ ಎಷ್ಟು ಬೆಳೀತು, ಹೇಳು."

ಅವಳು ಕಳೆದು ನೋಡಿದಳು. ಇನ್ನೊಮ್ಮೆ ಕಳೆದಳು. "ನಿನ್ನದು ಎಂಟುನೂರ ಮೂವತ್ತು. ನನ್ನದು... ಎಂಟುನೂರ ಅರವತ್ತು."

"ಮೂವತ್ತು ಗ್ರಾಂ ನನಗಿಂತ ಜಾಸ್ತಿ."

"ಆದ್ರೆ ಅಮ್ಮಾ, ಇಪ್ಪತ್ತೆಂಟನೇ ದಿನದ ನಿನ್ನ ಲೆಕ್ಕ ಬರೀ ಐದು ಕೋಳೀದು. ಐದರ ಸರಾಸರಿಯನ್ನ ಪೂರ್ತಿ ನಂಬೋಕೆ..."

"ಮಿಲಿಗ್ರಾಂ," ಭಾವ ನಿಜವಾದ ಕುತೂಹಲದಿಂದ ಕೇಳಿದರು, "ನೀನು ಯಾರ ಕಡೆ?"

ಅಂಗಡಿಯವನು ನಗು ತಡೆಯಲಾರದೆ ಬುಟ್ಟಿಯ ಕಡೆ ತಿರುಗಿದ. ಅಮ್ಮ ನಗಲಿಲ್ಲ. "ಹದಿಮೂರು ದಿನ ಇವಳು ಕೋಳೀನ ಮುಟ್ಟದೆ ನಿಂತಿದ್ದನ್ನ ನಾನು ನೋಡಿದ್ದೀನಿ. ಈ ಕೆಲಸ ಅಷ್ಟೇ. ಶೆಡ್ಡು ಇವಳ ಹತ್ರ ಇರ್ಲಿ. ತಕ್ಕಡಿ ನನ್ನ ಹತ್ರ ಇರುತ್ತೆ."

ಭಾವ ಟೇಪನ್ನು ಜೇಬಿಗೆ ಹಾಕಿಕೊಂಡು, ಕಾರಿಗೆ ಹೊದಿಸಲು ಟಾರ್ಪಾಲು ಎಲ್ಲಿ ಸಿಗುತ್ತದೆಂದು ಅಂಗಡಿಯವನನ್ನು ವಿಚಾರಿಸಿದರು. ಕಿರಿಮಗಳು ಖಾಲಿ ಶೆಡ್ಡಿನಲ್ಲಿ ಕುಳಿತು, ಪುಸ್ತಕದ ಕೊನೆಯ ಪುಟದಲ್ಲಿ ಫಲಿತಾಂಶ ಬರೆದಳು.

ಫೀಡು, ನೀರು, ಬೆಳಕು, ಹೊಟ್ಟು ಒಂದೇ ಆಗಿರುವಾಗ, ಇಪ್ಪತ್ತೆಂಟು ದಿನ ಬಿಡದೆ ತೂಗಿದ ಕೋಳಿಯು ನಲವತ್ತೆರಡನೆಯ ದಿನ, ತನ್ನ ಪಾಡಿಗೆ ಬಿಟ್ಟ ಕೋಳಿಗಿಂತ ಇನ್ನೂರು ಗ್ರಾಂ ಕಡಿಮೆ ತೂಗುತ್ತದೆ, ಕಾರಣ, ತೂಗುವವಳು.